ಕುದುರೆ (ಸಂಕೇತ)

ಸಾಹಿತ್ಯದಲ್ಲಿ ವೇಗ, ಅಧಿಕಾರ ಹಾಗೂ ಹತೋಟಿಗೆ ಸಿಗದ ಆಸೆಯ ಕುರುಹು. ಕಠೋಪನಿಷತ್ತಿನ ರಥರೂಪಕದಲ್ಲಿ ಇಂದ್ರಿಯಗಳೇ ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಲಕ್ಷ್ಮೀಶನ ಜೈಮಿನಿ ಭಾರತದ ಕಥೆ ನಡೆಯುವುದೇ ಧರ್ಮರಾಯನ ಯಜ್ಞಾಶ್ವದ ಬೆನ್ನುಹತ್ತಿ; ಅದನ್ನು ಕಟ್ಟಿಹಾಕಿದವನು ಯುದ್ಧಕ್ಕೆ ಕರೆದಂತೆ. ಸೋದೆಯ ವಾದಿರಾಜರ ಕೀರ್ತನೆಗಳ ಅಂಕಿತ ‘ಹಯವದನ’, ಅಂದರೆ ಕುದುರೆಮೊಗದ ವಿಷ್ಣು, ಜ್ಞಾನದ ದೈವ. ಅದೇ ಹೆಸರಿನ ಗಿರೀಶ ಕಾರ್ನಾಡರ ನಾಟಕದಲ್ಲಿ (1971) ಅರ್ಥ ತಿರುವುಮುರುವು: ಕುದುರೆತಲೆಯ ಮನುಷ್ಯ ಪೂರ್ಣತೆಯನ್ನು ಬೇಡಿ ಪೂರ್ತಿ ಕುದುರೆಯೇ ಆಗಿಬಿಡುತ್ತಾನೆ. ಈ ವ್ಯಂಗ್ಯಕ್ಕೆ ಸಾಟಿ ಕಡಿಮೆ. ಜನರ ನಂಬಿಕೆಯಲ್ಲಿ ಮೈಲಾರಲಿಂಗ ಕುದುರೆಯೇರಿದ ದೈವ. ಆಡುಮಾತು ಇನ್ನೂ ಚುರುಕು: ಸೋಮಾರಿಗೆ ‘ಕುದುರೆ ಕಂಡರೆ ಕಾಲುನೋವು’. ಮರೀಚಿಕೆಗೆ ಕನ್ನಡದ ಹೆಸರು ಬಿಸಿಲುಗುದುರೆ.