ಬೇಟೆಯ ಕೋವಿಯ ಭಾರ ಮತ್ತು ಬೇಟೆಯ ಮಿತಿ: ದಕ್ಷಿಣ ಮೈಸೂರು ಸೀಮೆಯನ್ನು ಕುರಿತ ಒಂದು ವಿವೇಚನೆ

ಯುದ್ಧದ ಆಯುಧಗಳನ್ನು ಕುರಿತು ನಮ್ಮ ಚರಿತ್ರಕಾರರು ಬಹಳವಾಗಿ ಬರೆದಿದ್ದಾರೆ. ಬೇಟೆಯ ಆಯುಧಗಳಿಗೆ ಅಷ್ಟು ಗಮನ ದೊರೆತಂತೆ ಕಾಣುವುದಿಲ್ಲ. ಆದರೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯ ಇತಿಹಾಸವನ್ನು ಅರಿಯಬೇಕಾದರೆ ಇವುಗಳನ್ನೂ ಪರಿಶೀಲಿಸಬೇಕಾಗುತ್ತದೆ. ಕಪಿಲೆ ಕಾವೇರಿಗಳ ನೀರುಂಡು ಬೆಳೆಯುವ ಈ ಬಯಲಿನ ತೆಂಕಲಲ್ಲಿ ಬಂಡೀಪುರದ ಅಡವಿಯೂ ಆಗ್ನೇಯದಲ್ಲಿ ಬಿಳಿಗಿರಿರಂಗನ ಬೆಟ್ಟಗಳೂ ಇವೆ. ಹೊಲ ಮುಗಿದು ಕಾಡು ಮೊದಲಾಗುವ ಎಡೆ ಯಾವುದೆಂಬುದು ಇಲ್ಲಿ ಎಂದಿಗೂ ತೀರ್ಮಾನವಾಗದ ವ್ಯಾಜ್ಯ. ಆ ವ್ಯಾಜ್ಯದಲ್ಲಿ ಆಯುಧದ ಭಾರವೇ ಒಂದು ಕಾಲದಲ್ಲಿ ಬೇಟೆಗೆ ಮಿತಿಯಾಗಿತ್ತೆಂಬುದನ್ನೂ, ಆ ಭಾರ ಇಳಿದಾಗ ಏನಾಯಿತೆಂಬುದನ್ನೂ ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ಕೋವಿಗೆ ಹಿಂದಿನ ಕಾಲದಲ್ಲಿ ದೊಡ್ಡ ಮೃಗದ ಬೇಟೆ ಒಬ್ಬನ ಕೆಲಸವಾಗಿರಲಿಲ್ಲ. ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿ. ಗಂಗ ಬೂತುಗನ ಕಾಲಕ್ಕೆ, ಅಂದರೆ ಕ್ರಿ.ಶ. ೯೪೯-೫೦ಕ್ಕೆ, ಸೇರಿದ ಆತಕೂರಿನ ಶಾಸನವು ಮಣಲೇರನ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಮಡಿದ ಸಂಗತಿಯನ್ನು ತಿಳಿಸುತ್ತದೆ. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ ಆ ಜನಕ್ಕೆ ಬೇಟೆಯಲ್ಲಿ ಜೊತೆಗಾರನ ಬೆಲೆ ತಿಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಈ ಸೀಮೆಯ ಹಳ್ಳಿಗರು ಬಲೆಗಳನ್ನು ಕಟ್ಟಿ, ಸುತ್ತುಗಟ್ಟಿ, ಈಟಿಗಳಿಂದ ಹುಲಿಯನ್ನು ಕೊಲ್ಲುತ್ತಿದ್ದರು. ಬಲೆ ಹೊರುವವರು, ಸೋಹುವವರು, ಕಾವಲು ನಿಲ್ಲುವವರು ಎಲ್ಲರೂ ಕೂಡದೆ ಅದು ನಡೆಯುತ್ತಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ಇಷ್ಟು ಜನ ಕೂಡುವುದು ಸುಲಭವಲ್ಲ. ಬೇಟೆಗೆ ಆದ ಮೊದಲ ಕಟ್ಟು ಇದೇ.

ಕೋವಿ ಬಂದ ಮೇಲೂ ಈ ಸ್ಥಿತಿ ಒಡನೆಯೇ ಬದಲಾಗಲಿಲ್ಲ. ೧೮೬೪ರಲ್ಲಿ ಮೈಸೂರಿಗೆ ಬಂದು ನಾಲೆಗಳ ಉಸ್ತುವಾರಿ ವಹಿಸಿ, ೧೮೭೪ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್, ೧೮೭೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆ ಕಾಲದ ಕೋವಿಗಳನ್ನು ವರ್ಣಿಸಿದ್ದಾನೆ. ಆನೆ, ಕಾಟಿಗಳಿಗೆ ಆಗ ಬಳಕೆಯಲ್ಲಿದ್ದುದು ನಾಲ್ಕು ಮತ್ತು ಎಂಟು ಬೋರಿನ ಕೋವಿಗಳು. ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳಾದರೆ ಅದು ನಾಲ್ಕು ಬೋರು. ಅದರ ನಳಿಗೆಯ ಒಳವ್ಯಾಸ ಒಂದು ಅಂಗುಲಕ್ಕೂ ಹೆಚ್ಚು. ಕರಿಮದ್ದಿನ ಗುಂಡಿಗೆ ವೇಗ ಕಡಮೆಯಾದುದರಿಂದ ಗುಂಡಿನ ತೂಕವನ್ನೇ ಹೆಚ್ಚಿಸಬೇಕಾಗಿತ್ತು. ಆ ಪೆಟ್ಟಿನ ಒದೆತವನ್ನು ತಡೆಯಲು ಕೋವಿಯೂ ಸುಮಾರು ೨೦ ಪೌಂಡು ತೂಗುತ್ತಿತ್ತು. ಅದನ್ನು ಹೊತ್ತು ಬೆಟ್ಟ ಹತ್ತುವವನು ಬೇಟೆಗಾರನಲ್ಲ, ಅವನ ಹಿಂದಿನ ಕೋವಿಯಾಳು. ಎರಡು ನಳಿಗೆಗಳು ಬರಿದಾದೊಡನೆ ಮತ್ತೊಂದು ಕೋವಿಯನ್ನು ಕೈಗಿಡುವವನೂ ಅವನೇ. ಗಾಯಗೊಂಡ ಕಾಟಿ ತಿರುಗಿ ಬಿದ್ದಾಗ ಓಡದೆ ನಿಲ್ಲಬೇಕಾದವನೂ ಅವನೇ. ಹೀಗೆ ನಿಂತವರ ಹೆಸರುಗಳು ಬೇಟೆಯ ಗ್ರಂಥಗಳಲ್ಲಿ ವಿರಳ.

ಮೊದಲ ಗುಂಡಿಗೂ ಮುಂದಿನ ಗುಂಡಿಗೂ ನಡುವಣ ಈ ಅವಧಿಯನ್ನು ಮನುಷ್ಯನಿಂದಲ್ಲದೆ ಯಂತ್ರದಿಂದ ತುಂಬುವ ಪ್ರಯತ್ನವೇ ಮುಂದಿನ ಕೋವಿಗಳ ಇತಿಹಾಸ. ೧೮೮೦ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದು ಸಿದ್ಧವಾಯಿತು. ಸಣ್ಣ ಗುಂಡು ಮಹಾವೇಗದಿಂದ ಹಾರತೊಡಗಿ, ಕೋವಿಯ ತೂಕ ಏಳೆಂಟು ಪೌಂಡಿಗೆ ಇಳಿಯಿತು. ಸಾಮಾನ್ಯ ರೈಫಲಿನ ಬೋಲ್ಟು ಬಾಗಿಲಿನ ಅಗುಳಿಯಂತೆ. ಎತ್ತಿ, ಎಳೆದು, ನೂಕಿ, ಮತ್ತೆ ಮಡಿಸಬೇಕು. ಆಸ್ಟ್ರಿಯದ ಫರ್ಡಿನಾಂಡ್ ಮಾನ್‌ಲಿಕರ್ ಈ ನಾಲ್ಕು ಚಲನೆಗಳನ್ನು ಎರಡಕ್ಕೆ ಇಳಿಸಿದನು. ಅವನ ೧೮೯೦ ಮತ್ತು ೧೮೯೫ರ ಮಾದರಿಗಳಲ್ಲಿ ಹಿಡಿಯನ್ನು ನೇರವಾಗಿ ಎಳೆದು ನೂಕಿದರೆ ಸಾಕು. ಒಳಗಿನ ಓರೆಗಾಡಿಗಳು ಬೋಲ್ಟಿನ ತಲೆಯನ್ನು ತಾವೇ ತಿರುಗಿಸಿ ಬಿಗಿಯುತ್ತವೆ. ಕೆನಡದಲ್ಲಿ ತಯಾರಾದ ರಾಸ್ ರೈಫಲೂ ಇದೇ ಜಾತಿಯದು. ಅದರ .೨೮೦ ತೋಟಾದ ಗುಂಡು ಸೆಕೆಂಡಿಗೆ ಸುಮಾರು ೨,೯೦೦ ಅಡಿ ವೇಗದಲ್ಲಿ ಹಾರುತ್ತಿತ್ತು.

ಹಗುರತನಕ್ಕೂ ಒಂದು ಬೆಲೆಯುಂಟು. ೧೯೧೧ರಲ್ಲಿ ಪೂರ್ವ ಆಫ್ರಿಕದಲ್ಲಿ ಜಾರ್ಜ್ ಗ್ರೇ ಎಂಬಾತನು ಮೇಲೆ ಬೀಳುತ್ತಿದ್ದ ಸಿಂಹಕ್ಕೆ .೨೮೦ ರಾಸ್‌ನಿಂದ ಹೊಡೆದನು. ಗುಂಡು ತಗುಲಿದರೂ ಸಿಂಹ ನಿಲ್ಲಲಿಲ್ಲ. ಗ್ರೇ ಆ ಗಾಯಗಳಿಂದ ಮೃತನಾದನು. ಮೊದಲ ಮಹಾಯುದ್ಧದ ಕಂದಕಗಳ ಕೆಸರಿನಲ್ಲಿ ರಾಸ್ ರೈಫಲಿನ ಬೋಲ್ಟು ಸಿಕ್ಕಿಕೊಳ್ಳುತ್ತಿದ್ದುದರಿಂದ, ೧೯೧೬ರಲ್ಲಿ ಕೆನಡದ ಕಾಲಾಳುಗಳಿಂದ ಅದನ್ನು ಹಿಂತೆಗೆದುಕೊಳ್ಳಲಾಯಿತು.

ನಮ್ಮ ಸೀಮೆಯಲ್ಲಿ ಹೆಸರಾದ ಹಗುರ ಕೋವಿಗಳು ಬೇರೆ ಬಗೆಯವು. ಬಿಳಿಗಿರಿರಂಗನ ಬೆಟ್ಟ ಮೊದಲಾದೆಡೆ ಬೇಟೆಯಾಡಿದ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ನನ (೧೯೧೦-೧೯೭೪) ಮೆಚ್ಚಿನ ಕೋವಿ ಸನ್ನೆಯಿಂದ ತೋಟಾ ತುಂಬುವ .೪೦೫ ವಿಂಚೆಸ್ಟರ್. ಬಗೆ ಬೇರೆಯಾದರೂ ಪರಿಣಾಮ ಒಂದೇ: ಕೋವಿಯಾಳಿನ ಹಂಗಿಲ್ಲದೆ ಒಬ್ಬನೇ ಬೆಟ್ಟ ಹತ್ತಿ, ಒಬ್ಬನೇ ಹಲವು ಗುಂಡು ಹಾರಿಸುವುದು ಸಾಧ್ಯವಾಯಿತು. ೧೮೯೧ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದುದರಿಂದ ಕಾಡಿನ ದಾರಿಯೂ ಹತ್ತಿರವಾಯಿತು. ಮೈಸೂರಿನಲ್ಲಿ ವ್ಯಾನ್ ಇಂಗೆನ್ ಮನೆತನದವರು ಇಪ್ಪತ್ತನೆಯ ಶತಮಾನದುದ್ದಕ್ಕೂ ಹದಮಾಡಿದ ಹುಲಿ ಚಿರತೆಗಳ ಸಂಖ್ಯೆ ಸಾವಿರಾರು. ದೇಶದ ನಾನಾ ಕಡೆಗಳಿಂದ ಬಂದ ಈ ಚರ್ಮಗಳು ಆ ಯುಗದ ಲೆಕ್ಕಪತ್ರವೆನ್ನಬಹುದು.

ಆಯುಧವು ಹಾಕುತ್ತಿದ್ದ ಕಟ್ಟು ಸಡಿಲಿದಾಗ ಕಾನೂನು ಆ ಸ್ಥಾನಕ್ಕೆ ಬರಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಯ ರೆಗ್ಯುಲೇಷನ್ ಜಾರಿಗೆ ಬಂದಿತು. ೧೯೩೧ರಲ್ಲಿ ಬಂಡೀಪುರದಲ್ಲಿ ೯೦ ಚದರ ಕಿಲೋಮೀಟರಿನಷ್ಟು ಅಭಯಾರಣ್ಯವೂ, ೧೯೪೧ರಲ್ಲಿ ಅದಕ್ಕಿಂತ ಬಹುವಿಸ್ತಾರವಾದ ವೇಣುಗೋಪಾಲ ವನ್ಯಜೀವಿ ಉದ್ಯಾನವೂ ಏರ್ಪಟ್ಟವು. ಇವುಗಳ ಹಿಂದೆ ಅರಮನೆಯ ಬೇಟೆಯ ಹಿತವೂ ಇದ್ದಿತೆಂಬುದನ್ನು ಮರೆಯಲಾಗದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮರುವರ್ಷ ಬಂಡೀಪುರ ಹುಲಿ ಯೋಜನೆಗೆ ಸೇರಿತು. ೧೯೯೧ರ ತಿದ್ದುಪಡಿಯು ಪರವಾನಗಿ ಪಡೆದು ಆಡುವ ಬೇಟೆಯನ್ನೂ ಕೊನೆಗಾಣಿಸಿತು. ನೇರ ಎಳೆತದ ಹಗುರ ರೈಫಲನ್ನು ಯೂರೋಪಿನ ಬೇಟೆಗಾರರಲ್ಲಿ ಮತ್ತೆ ಪ್ರಚಾರಕ್ಕೆ ತಂದ ಜರ್ಮನಿಯ ಬ್ಲೇಸರ್ ಆರ್ ೯೩ ಹೊರಬಿದ್ದುದು ೧೯೯೩ರಲ್ಲಿ. ಆ ಯಂತ್ರ ಪಕ್ವವಾಗುವ ವೇಳೆಗೆ ಇಲ್ಲಿ ಅದಕ್ಕೆ ನ್ಯಾಯಬದ್ಧವಾದ ಕೆಲಸವೇ ಉಳಿದಿರಲಿಲ್ಲ.

ಆದರೆ ಹೊಲ ಕಾಡುಗಳ ವ್ಯಾಜ್ಯ ಮುಗಿದಿಲ್ಲ. ೨೦೨೨ರ ಅಕ್ಟೋಬರಿನಿಂದ ೨೦೨೩ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಗಳಿಗೆ ನಾಲ್ವರು ಬಲಿಯಾದರು. ೨೦೨೩ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಕಾಡಂಚಿನಲ್ಲಿ ಹುಲಿಯೊಂದು ದನ ಮೇಯಿಸುತ್ತಿದ್ದ ಮಹಿಳೆಯನ್ನು ಕೊಂದಿತು. ಆ ಹುಲಿಯನ್ನು ಅರಣ್ಯ ಇಲಾಖೆಯವರು ಅರಿವಳಿಕೆ ಮದ್ದಿನ ಸೂಜಿ ಹಾರಿಸಿ ಜೀವಸಹಿತ ಹಿಡಿದರು. ಮನೆಯವರನ್ನು ಕಳೆದುಕೊಂಡ ಹಳ್ಳಿಗರು ಕೋವಿಯನ್ನು ಕೇಳಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೇಟೆಯ ಸುಖವನ್ನು ಕಂಡವರು ಬೇರೆ, ಕಾಡಿನ ನೆರೆಯಲ್ಲಿ ಬಾಳುವ ಕಷ್ಟವನ್ನು ಹೊತ್ತವರು ಬೇರೆ ಎಂಬುದನ್ನು ಮೇಲಿನ ಇತಿಹಾಸವೇ ತೋರಿಸುತ್ತದೆ. ಹಿಂದೆ ಕೋವಿಯ ಭಾರವನ್ನು ಹೊತ್ತವರು ಈ ಹಳ್ಳಿಗಳವರು. ಇಂದು ಸಂರಕ್ಷಣೆಯ ಭಾರವನ್ನು ಹೊರುತ್ತಿರುವವರೂ ಅವರೇ. ಆ ಭಾರವನ್ನು ನಾಡೆಲ್ಲವೂ ಹಂಚಿಕೊಂಡಲ್ಲದೆ ಕಾನೂನಿನ ಮಿತಿ ಬಹುಕಾಲ ನಿಲ್ಲುವುದು ಕಷ್ಟ.