ಠಾಣೆಯ ಮಾತು, ಮಾತಿನ ಮೂಲ

ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಕಳವಾಯಿತು. ಪೊಲೀಸರು ಬಂದು ನಮ್ಮನ್ನು ‘ಪಂಚ’ರೆಂದು ನಿಲ್ಲಿಸಿ, ‘ಪಂಚನಾಮಾ’ ಬರೆದು, ಸಹಿ ಮಾಡಿ ಎಂದರು. ಮೈಸೂರು ಕಡೆಯವರಾದ ನಮಗೆ ಆ ಪದವೇ ಹೊಸದು. ಮರಾಠಿ ಬರಹ ಓದಲು ಬಾರದು. ಸಹಿ ಹಾಕಿಬಿಟ್ಟೆವು. ಆಮೇಲೆ ವಾರವೆಲ್ಲ ನಿದ್ದೆಯಿಲ್ಲ. ಯಾವುದಕ್ಕೆ ಸಾಕ್ಷಿಯಾದೆವೋ! ಕಚೇರಿಯ ಧಾರವಾಡದ ಮಿತ್ರರು ನಕ್ಕು, “ನಿಮ್ಮ ಮಹಜರೇ ನಮ್ಮ ಪಂಚನಾಮೆರೀ” ಎಂದರು. ವಿಜ್ಞಾನ ಓದಿ ಫೈಲು ಹೊರುವ ನಾವು ಭಾಷಾಶಾಸ್ತ್ರಿಗಳಲ್ಲ. ಆದರೂ ಅಂದಿನಿಂದ ಈ ಪದಗಳ ಬೆನ್ನು ಹತ್ತಿದೆವು.

‘ಪಂಚ’ ಎಂದರೆ ಐದು. ‘ನಾಮಾ’ ಪಾರಸಿಯಲ್ಲಿ ಪತ್ರ. ಐವರ ಸಮಕ್ಷಮ ಬರೆದ ಪತ್ರವೇ ಪಂಚನಾಮೆ. ಇಂದು ಇಬ್ಬರಿದ್ದರೂ ಸಾಕು. ‘ಮಹಜರು’ ಅರಬ್ಬಿಯದು, ‘ಹಾಜರು’ ಪದದ ಒಡಹುಟ್ಟು. ಎರಡರ ಅರ್ಥವೂ ಒಂದೇ: ಕಂಡವರ ಮುಂದೆ ಬರೆದದ್ದು.

‘ಠಾಣೆ’ ಸಂಸ್ಕೃತದ ‘ಸ್ಥಾನ’ದಿಂದ ಬಂದದ್ದು. ಶಿಲಾಹಾರರ ಶಾಸನಗಳ ‘ಶ್ರೀಸ್ಥಾನಕ’ವೇ ಇಂದಿನ ಠಾಣೆ ಪಟ್ಟಣ. ‘ಪೇದೆ’ ಪಾರಸಿಯ ‘ಪಿಯಾದಾ’, ಅಂದರೆ ಕಾಲಾಳು. ‘ಫೌಜುದಾರ’ ಮೊಗಲರ ಕಾಲದಲ್ಲಿ ಫೌಜಿನ ಒಡೆಯ. ನಮ್ಮ ಉತ್ತರ ಕರ್ನಾಟಕದವರ ಬಾಯಲ್ಲಿ ಸಬ್ ಇನ್ಸ್‌ಪೆಕ್ಟರ್. ‘ಹವಾಲ್ದಾರ’ನೆಂದರೆ ಹವಾಲೆ ಹೊತ್ತವನು, ಶಿವಾಜಿಯ ಕಾಲದಲ್ಲಿ ಕೋಟೆಯ ಉಸ್ತುವಾರಿ ಅವನದು. 1975ರಲ್ಲಿ ದಾದಾ ಕೊಂಡ್ಕೆಯವರ ‘ಪಾಂಡು ಹವಾಲ್ದಾರ’ ಚಿತ್ರ ಬಂತು. ಮುಂಬಯಿಯ ಪೋರರ ಬಾಯಲ್ಲಿ ಪೇದೆ ಬರಿಯ ‘ಪಾಂಡು’. ಕೋಟೆ ಕಾಯ್ದವನಿಗೆ ಬಂದ ಗತಿ ನೋಡಿ!

ಕೆಲವು ಪದಗಳಂತೂ ತಪ್ಪನ್ನು ಮುಚ್ಚುವ ಹೊದಿಕೆ. ‘ಹಫ್ತಾ’ ಎಂಬುದರ ಮೂಲ ಪಾರಸಿಯ ‘ಹಫ್ತ್’. ನಮ್ಮ ‘ಸಪ್ತ’ದ ದಾಯಾದಿ. ಏಳು ದಿನವಾದ ವಾರ, ವಾರದ ಕಂತು, ಕೊನೆಗೆ ಸುಲಿಗೆಯ ಹಣ. ‘ಮಾಮೂಲು’ ಎಂದರೆ ರೂಢಿಯಲ್ಲಿರುವುದು. ಅಮಲ್ದಾರರ ‘ಅಮಲ್’ ಮತ್ತು ಇದು ಒಂದೇ ಬೇರಿನವು. ಲಂಚವನ್ನು ಲಂಚವೆಂದರೆ ಕೊಡುವವನಿಗೂ ಅಳುಕು, ಪಡೆಯುವವನಿಗೂ ಅಳುಕು. ‘ಮಾಮೂಲು’ ಎಂದೊಡನೆ ಇಬ್ಬರ ಅಳುಕೂ ಮಾಯ.

ಇನ್ನು ‘ಚಾರ್ ಸೌ ಬೀಸ್’. 1860ರ ಭಾರತೀಯ ದಂಡ ಸಂಹಿತೆ 1862ರ ಜನವರಿ 1ರಂದು ಜಾರಿಗೆ ಬಂತು. ಅದರ 420ನೆಯ ಕಲಮು ವಂಚನೆಯದು. 1955ರಲ್ಲಿ ರಾಜ್ ಕಪೂರರ ‘ಶ್ರೀ 420’ ಬಂದ ಮೇಲಂತೂ ಆ ಸಂಖ್ಯೆ ಊರೂರಿಗೆ ಪರಿಚಿತವಾಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು, ವಂಚನೆ 318ನೆಯ ಕಲಮಿಗೆ ಸೇರಿತು. ಕೊಲೆಯ 302 ಈಗ 103. ಆದರೂ ಮೋಸಗಾರನನ್ನು ಯಾರೂ ‘ತೀನ್ ಸೌ ಅಠಾರಾ’ ಎನ್ನುತ್ತಿಲ್ಲ. ಕಾಯಿದೆಯನ್ನು ಸಂಸತ್ತು ಬದಲಿಸಬಹುದು, ಬೈಗುಳವನ್ನು ಬದಲಿಸಲಾಗದು!

ಕೆಲವು ವರ್ಷಗಳ ಮೇಲೆ ನಮ್ಮನ್ನು ಮತ್ತೆ ಪಂಚರಾಗಿ ಕರೆದರು. ಈ ಸಲ ಓದಿಸಿ ಕೇಳಿದೆವು. ‘ಬೀಗ ಮುರಿದಿತ್ತು’ ಎಂದು ಬರೆದಿದ್ದರು. ನಾವು ಕಂಡದ್ದು ಬರಿಯ ತೆರೆದ ಬಾಗಿಲು. ಹವಾಲ್ದಾರರು ಹುಬ್ಬು ಗಂಟಿಕ್ಕಿದರು. ಆದರೂ ತಿದ್ದಿದರು, ಆಮೇಲೆ ಸಹಿ ಹಾಕಿದೆವು.

ಪರಭಾಷೆಯ ಊರಿನಲ್ಲಿ ಬಾಳುವ ನಮಗೆ ಠಾಣೆಯ ಮಾತು ಬರಿಯ ಮೋಜಲ್ಲ. ಅರ್ಥ ತಿಳಿಯದ ಪದದ ಕೆಳಗೆ ನಮ್ಮ ಹೆಸರು ಬೀಳಬಾರದು. ಅಂದು ನಿದ್ದೆಗೆಟ್ಟು ಕಲಿತ ಪಾಠ ಇಷ್ಟೇ.