ಊರೊಂದೇ, ಕೇರಿ ಬೇರೆ: ಎರಡು ಶ್ರುತಿಯ ಒಂದು ಗಿಟಾರಿನ ಚರಿತ್ರೆ

ಹೋದ ವಾರ ಇಲ್ಲಿ ಒಂದು ವಿಡಿಯೊ ಹಂಚಿಕೊಂಡಿದ್ದೆ. ಅಮೆರಿಕದ ಕಪ್ಪು ಜನರ ಚರ್ಚು. ಒಬ್ಬರು ಮೇಜಿನಂಥ ವಾದ್ಯದ ಮುಂದೆ ಕೂತು ನುಡಿಸ್ತಿದ್ದಾರೆ, ಜನ ಎದ್ದು ಕುಣೀತಾರೆ, ಅಳ್ತಾರೆ. ನೋಡಿದ ತಮ್ಮನೊಬ್ಬ ಫೋನ್ ಮಾಡಿ ಕೇಳಿದ: "ಅಣ್ಣಾ, ಅದು ಕೌಬಾಯ್ ಹಾಡುಗಳ ಗಿಟಾರ್ ಅಲ್ವಾ? ಬಿಳಿಯರ ವಾದ್ಯ ನಮಗ್ಯಾಕೆ?"

ಅವನದ್ದು ತಪ್ಪಲ್ಲ. ಪೆಡಲ್ ಸ್ಟೀಲ್ ಅಂದ್ರೆ ಲೋಕಕ್ಕೆಲ್ಲ ನ್ಯಾಶ್‌ವಿಲ್, ಕಂಟ್ರಿ ಸಂಗೀತ, ಅಗಲ ಅಂಚಿನ ಟೋಪಿ. ಹಾಗಂತ ನಂಬಿಸಿದ್ದಾರೆ. ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಅದಕ್ಕೇ ಈ ಉದ್ದದ ಬರಹ. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ವಾದ್ಯ. ಇದನ್ನ ಎದೆಗೆ ಒರಗಿಸಿಕೊಳ್ಳಲ್ಲ. ಕಾಲುಗಳ ಮೇಲೆ ನಿಲ್ಲಿಸಿದ ಹಲಗೆಯಂಥ ಪೆಟ್ಟಿಗೆ, ಮೇಲೆ ತಂತಿಗಳು. ಎಡಗೈಯಲ್ಲಿ ಉಕ್ಕಿನ ದುಂಡು ಸರಳು ಹಿಡಿದು ತಂತಿಗಳ ಮೇಲೆ ಜಾರಿಸ್ತಾರೆ, ಬಲಗೈ ಬೆರಳುಗಳಿಂದ ಮೀಟ್ತಾರೆ. ಕೆಳಗೆ ಪೆಡಲ್‌ಗಳು, ಮೊಣಕಾಲಿನಿಂದ ತಳ್ಳೋ ಲಿವರ್‌ಗಳು. ಬಲಗಾಲು ಸದ್ದು ಏರಿಸಿ ಇಳಿಸೋ ಪೆಡಲ್ ಮೇಲೆ. ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲಕ್ಕೂ ಕೆಲಸ.

ದೊಡ್ಡ ಪೆಡಲ್ ಸ್ಟೀಲ್‌ನಲ್ಲಿ ಎರಡು ನೆಕ್ ಇರ್ತವೆ, ಒಂದೊಂದಕ್ಕೂ 10 ತಂತಿ. ಆಚೆಯದ್ದಕ್ಕೆ ಇ9 ಅನ್ನೋ ಶ್ರುತಿ, ನುಡಿಸುವವರ ಹತ್ತಿರದ್ದಕ್ಕೆ ಸಿ6. ನಮ್ಮ ಸ್ವರಗಳಲ್ಲಿ ಹೇಳೋದಾದ್ರೆ ಇ9 ಅಂದ್ರೆ ಸ, ಗ, ಪ, ಜತೆಗೆ ಕೋಮಲ ನಿ ಮತ್ತು ರಿ. ಸಿ6 ಅಂದ್ರೆ ಸ, ಗ, ಪ, ಧ. ಒಂದು ಸ್ವಿಚ್ ಒತ್ತಿದರೆ ಈ ನೆಕ್ ಸುಮ್ಮನಾಗಿ ಆ ನೆಕ್ ಮಾತಾಡುತ್ತೆ. ಇ9ನಲ್ಲಿ ಒಂದು ಪೆಡಲ್ ಪ-ವನ್ನು ಧ-ಗೆ ಏರಿಸುತ್ತೆ, ಪಕ್ಕದ್ದು ಗ-ವನ್ನು ಮ-ಗೆ. ಎರಡನ್ನೂ ಒಟ್ಟಿಗೆ ತುಳಿದರೆ ಸ-ಗ-ಪ ಹೋಗಿ ಸ-ಮ-ಧ ಆಗುತ್ತೆ. ಕೆಲವು ತಂತಿ ಏರುವಾಗ ಉಳಿದವು ಇದ್ದಲ್ಲೇ ಇರ್ತವೆ. ಕಂಟ್ರಿ ಹಾಡುಗಳ ಆ ಬಿಕ್ಕೋ ಸದ್ದು ಹುಟ್ಟೋದು ಅಲ್ಲಿಂದ.

ಈಗ ಚರಿತ್ರೆ. ಉಕ್ಕನ್ನು ತಂತಿ ಮೇಲೆ ಜಾರಿಸೋ ಈ ಕ್ರಮ ಹುಟ್ಟಿದ್ದು ನ್ಯಾಶ್‌ವಿಲ್‌ನಲ್ಲಿ ಅಲ್ಲ, ಹವಾಯಿ ದ್ವೀಪಗಳಲ್ಲಿ. 1830ರ ದಶಕದಲ್ಲಿ ದನ ಹಿಡಿದು ಪಳಗಿಸೋದನ್ನ ಕಲಿಸಲು ಮೆಕ್ಸಿಕೊ ಕಡೆಯಿಂದ ಬಂದ ದನಗಾಹಿಗಳ ಜತೆ ಅಲ್ಲಿಗೆ ಗಿಟಾರ್ ಬಂತು. ಹವಾಯಿಯವರು ಅದರ ತಂತಿಗಳನ್ನು ಸಡಿಲಿಸಿ ತಮ್ಮದೇ ಶ್ರುತಿಗಳನ್ನು ಮಾಡಿಕೊಂಡರು. ಒಂದೊಂದು ಮನೆತನಕ್ಕೆ ಒಂದೊಂದು ಶ್ರುತಿ, ಹೊರಗಿನವರಿಗೆ ಹೇಳ್ತಿರಲಿಲ್ಲ. ಅದೇ ಶತಮಾನದ ಕೊನೆಗೆ, ಒಹಾಹು ದ್ವೀಪದ ಶಾಲಾ ಹುಡುಗ ಜೋಸೆಫ್ ಕೆಕುಕು ಉಕ್ಕಿನ ತುಂಡನ್ನು ತಂತಿ ಮೇಲೆ ಜಾರಿಸೋ ಕ್ರಮವನ್ನ ರೂಢಿಸಿದ ಅಂತ ಹೇಳ್ತಾರೆ.

ಅದೇ ಕಾಲದಲ್ಲಿ ಹವಾಯಿಗೆ ಏನಾಯ್ತು ಗೊತ್ತಾ? 1893ರಲ್ಲಿ ಅಲ್ಲಿನ ರಾಣಿ ಲಿಲಿಯುಒಕಲಾನಿಯನ್ನು ಬಿಳಿಯ ವ್ಯಾಪಾರಿಗಳು, ಸಕ್ಕರೆ ತೋಟದ ಹಿತಾಸಕ್ತಿಗಳು ಸೇರಿ ಸಿಂಹಾಸನದಿಂದ ಇಳಿಸಿದವು. ಅಮೆರಿಕದ ನೌಕಾ ಸೈನಿಕರು ದಡಕ್ಕಿಳಿದು ಬೆನ್ನಿಗೆ ನಿಂತರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯ ಮಾಡಿದರು. 1898ರಲ್ಲಿ ಇಡೀ ನಾಡನ್ನೇ ಅಮೆರಿಕಕ್ಕೆ ಸೇರಿಸಿಕೊಂಡರು. ನೆಲ ಹೋಯ್ತು, ಶಾಲೆಯಿಂದ ಭಾಷೆ ಹೋಯ್ತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಮಾತ್ರ ಅವರ ಸಂಗೀತಕ್ಕೆ ಜನ ಮುಗಿಬಿದ್ದರು. ನೆಲ ಕಿತ್ತುಕೊಂಡವರೇ ಹಾಡಿಗೆ ಚಪ್ಪಾಳೆ ಹೊಡೆದರು. ಇದು ನಮಗೆ ಹೊಸ ಕಥೆಯಾ?

ಕೆಕುಕು ಊರೂರು ತಿರುಗಿ ನುಡಿಸಿ, ಕಲಿಸಿ, 1932ರಲ್ಲಿ ತನ್ನ ದ್ವೀಪದಿಂದ ಸಾವಿರಾರು ಮೈಲಿ ದೂರದ ನ್ಯೂಜೆರ್ಸಿಯಲ್ಲಿ ತೀರಿಕೊಂಡರು. ಅದೇ ಹೊತ್ತಿಗೆ ರಿಕನ್‌ಬ್ಯಾಕರ್ ಕಂಪನಿ ಬಾಣಲೆಯಾಕಾರದ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ತಂತು. ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟವಾದ ಮೊದಲ ಯಶಸ್ವಿ ಎಲೆಕ್ಟ್ರಿಕ್ ಗಿಟಾರ್ ಅದು. ತೊಡೆ ಮೇಲೆ ಮಲಗಿಸಿ ನುಡಿಸೋ ಹವಾಯಿ ಸ್ಟೀಲ್.

ಮುಂದೆ ಸ್ವಿಂಗ್ ಬಂತು, ಜಾಝ್ ಬಂತು. ಒಂದೇ ಶ್ರುತಿ ಸಾಲದಾಯ್ತು. ಒಂದೇ ಪೆಟ್ಟಿಗೆಗೆ ಎರಡು, ಮೂರು, ನಾಲ್ಕು ನೆಕ್ ಕೂರಿಸಿದರು. 1940ರ ಸುಮಾರಿಗೆ ಗಿಬ್ಸನ್ ಕಂಪನಿ ಪೆಡಲ್ ಇರೋ ವಾದ್ಯ ತಂತು. ಆಗ ಪೆಡಲ್ ಇದ್ದದ್ದು ಮುಖ್ಯವಾಗಿ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ದಾಟೋಕೆ. 1954ರಲ್ಲಿ ಬಂದ ವೆಬ್ ಪಿಯರ್ಸ್ ಅವರ ಹಾಡೊಂದರಲ್ಲಿ ಬಡ್ ಐಸಾಕ್ಸ್ ಸ್ವರ ಇನ್ನೂ ಮಿಡೀತಿರುವಾಗಲೇ ಪೆಡಲ್ ತುಳಿದರು. ಮುಚ್ಚಿಡಬೇಕಿದ್ದ ದಾಟೋ ಸದ್ದೇ ಸಂಗೀತವಾಯ್ತು. ಬಡಿ ಎಮನ್ಸ್ ಥರದವರು ಅದನ್ನ ಇನ್ನೂ ತಿದ್ದಿದರು. ಇ9 ಕಂಟ್ರಿಯ ದನಿ, ಸಿ6 ಸ್ವಿಂಗಿನ ದನಿ ಅಂತ ನಿಂತುಬಿಡ್ತು.

ಹಾಗಾದ್ರೆ ಇದು ಬಿಳಿಯರ ವಾದ್ಯ ಹೇಗಾಯ್ತು? 1920ರ ದಶಕದಲ್ಲೇ ಅಮೆರಿಕದ ರೆಕಾರ್ಡ್ ಕಂಪನಿಗಳು ಪಟ್ಟಿಗಳನ್ನ ಬೇರೆ ಮಾಡಿದ್ದವು. ಕಪ್ಪು ಜನರಿಗೆ ಮಾರೋದು "ರೇಸ್ ರೆಕಾರ್ಡ್", ಬಿಳಿ ಹಳ್ಳಿಗರಿಗೆ ಮಾರೋದು "ಹಿಲ್‌ಬಿಲ್ಲಿ". ನುಡಿಸೋರು ಒಬ್ಬರಿಂದೊಬ್ಬರು ಕಲೀತಾನೇ ಇದ್ದರು. ಕಂಟ್ರಿ ಸಂಗೀತದ ಪಿತಾಮಹ ಅನ್ನಿಸಿಕೊಂಡ ಜಿಮ್ಮಿ ರಾಜರ್ಸ್ ಜತೆ 1929ರಲ್ಲಿ ಸ್ಟೀಲ್ ನುಡಿಸಿದ್ದು ಹವಾಯಿಯ ಜೋ ಕೈಪೊ. ಬೇಲಿ ಇದ್ದದ್ದು ಪಟ್ಟಿಯಲ್ಲಿ. ಆಮೇಲೆ ಆ ಪಟ್ಟಿಯೇ ಚರಿತ್ರೆ ಅನ್ನಿಸಿಕೊಳ್ತು.

ಈಗ ಆ ವಿಡಿಯೊದ ಚರ್ಚಿಗೆ ಬರೋಣ. ಮೇರಿ ಮ್ಯಾಗ್ಡಲೇನಾ ಟೇಟ್ ಅನ್ನೋ ಕಪ್ಪು ಹೆಣ್ಣುಮಗಳು 1903ರಲ್ಲಿ ಕಟ್ಟಿದ ಪಂಥ ಅದು. ಆಕೆ ತೀರಿಕೊಂಡ ಮೇಲೆ ಮೂರು ಶಾಖೆಯಾಯ್ತು. 1930ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಈ ಪಂಥದ ಟ್ರೋಮನ್ ಈಸನ್ ಒಬ್ಬ ಹವಾಯಿ ಸಂಗೀತಗಾರನ ಹತ್ತಿರ ಸ್ಟೀಲ್ ಕಲಿತರು. ನೆಲ ಕಳಕೊಂಡವನು ಗುಲಾಮರ ಮೊಮ್ಮಕ್ಕಳಿಗೆ ಕಲಿಸಿದ. ಟ್ರೋಮನ್ ತಮ್ಮ ವಿಲ್ಲಿ ಈಸನ್ ಅದನ್ನ ಬೀದಿ ಮೂಲೆಗಳಿಗೆ, ಊರೂರ ಚರ್ಚುಗಳಿಗೆ ಒಯ್ದರು. ಹಾಡುವವರ ದನಿಯನ್ನೇ ತಂತಿಯಲ್ಲಿ ತಂದರು. ಬೇರೆ ಚರ್ಚುಗಳಲ್ಲಿ ಆರ್ಗನ್ ಮಾಡೋ ಕೆಲಸ ಇಲ್ಲಿ ಸ್ಟೀಲ್ ಮಾಡ್ತು. ಮುಂದೆ ಪೆಡಲ್ ಸ್ಟೀಲೂ ಬಂತು. ಚಕ್ ಕ್ಯಾಂಪ್‌ಬೆಲ್ ಅವರು ನ್ಯಾಶ್‌ವಿಲ್‌ನ ಶ್ರುತಿಗಳನ್ನ ಇದ್ದ ಹಾಗೇ ಒಪ್ಪಿಕೊಳ್ಳಲಿಲ್ಲ, ತಮ್ಮ ಜನರ ಕೂಗಿಗೆ ಹೊಂದೋ ಶ್ರುತಿಗಳನ್ನ ಕಟ್ಟಿಕೊಂಡರು. 2004ರಲ್ಲಿ ಅವರಿಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರೆ ಗೌರವ ಸಿಕ್ತು.

ನನ್ನನ್ನ ತಡೆದು ನಿಲ್ಲಿಸಿದ ಸಂಗತಿ ಇದು. ಈ ಪಂಥದ ದೊಡ್ಡ ಶಾಖೆಯಾದ ಕೀತ್ ಡೊಮಿನಿಯನ್‌ನ ಕೇಂದ್ರ ಎಲ್ಲಿದೆ ಗೊತ್ತಾ? ನ್ಯಾಶ್‌ವಿಲ್‌ನಲ್ಲೇ. ಪ್ರತಿ ವರ್ಷದ ಮಹಾಸಭೆಗೆ ಸ್ಟೀಲ್ ನುಡಿಸೋರು ಸೇರ್ತಿದ್ದದ್ದೂ ಅಲ್ಲೇ. ಪೆಡಲ್ ಸ್ಟೀಲ್‌ನ ರಾಜಧಾನಿ ಅಂತ ಹೆಸರಾದ ಊರಲ್ಲಿ ದಶಕಗಟ್ಟಲೆ ಇನ್ನೊಂದು ಸ್ಟೀಲ್ ಮೊಳಗ್ತಾನೇ ಇತ್ತು. 1990ರ ದಶಕದಲ್ಲಿ ಫ್ಲೋರಿಡಾದ ಜಾನಪದ ಸಂಶೋಧಕ ರಾಬರ್ಟ್ ಸ್ಟೋನ್ ದಾಖಲಿಸೋವರೆಗೂ ಹೊರಗಿನ ಲೋಕಕ್ಕೆ ಅದು ಹೆಚ್ಚುಕಮ್ಮಿ ಗೊತ್ತೇ ಇರಲಿಲ್ಲ. ಕೇರಿಯವರಿಗೆ ಊರಿನ ಹಾಡು ಯಾವಾಗ್ಲೂ ಗೊತ್ತಿರುತ್ತೆ, ರೇಡಿಯೊ ಮನೆಯೊಳಗೇ ತರುತ್ತೆ. ಊರಿಗೆ ಕೇರಿಯ ಹಾಡು ಕೇಳಿಸಬೇಕಾದ್ರೆ ಯಾರೋ ಸಂಶೋಧಕ ಬರಬೇಕು!

ಕೇರಿಯೊಳಗೂ ಜಗಳ ಇತ್ತು, ಅದನ್ನೂ ಹೇಳಬೇಕು. ದೇವರಿಗಾಗಿ ನುಡಿಸೋದನ್ನ ಕ್ಲಬ್ಬಿನಲ್ಲಿ ನುಡಿಸಬಾರದು ಅಂತ ಚರ್ಚಿನ ಹಿರಿಯರ ಪಟ್ಟು. ರಾಬರ್ಟ್ ರಾಂಡಾಲ್ಫ್ ಅನ್ನೋ ಹುಡುಗ 2000ದ ಸುಮಾರಿಗೆ ಹೊರಗೆ ಹೋಗಿ ನುಡಿಸಿದ, ಲೋಕವೇ ಕುಣೀತು. ಯಾರು ಸರಿ? ಕಾಪಾಡಿದ ಹಿರಿಯರೂ ನಮ್ಮೋರೇ, ದಾಟಿದ ಹುಡುಗನೂ ನಮ್ಮೋನೇ. ನನ್ನ ಮನಸ್ಸು ಹುಡುಗನ ಕಡೆ ಅಂತ ಮುಚ್ಚುಮರೆ ಇಲ್ಲದೆ ಹೇಳ್ತೀನಿ.

1946ರಲ್ಲಿ ಬಾಬಾಸಾಹೇಬರು ಡು ಬೋಯಿಸ್ ಅವರಿಗೆ ಪತ್ರ ಬರೆದಾಗ, ಕಪ್ಪು ಜನರ ಸ್ಥಿತಿಗೂ ನಮ್ಮ ಸ್ಥಿತಿಗೂ ಅಷ್ಟು ಸಾಮ್ಯ ಇರೋದ್ರಿಂದ ಅವರ ಬಗ್ಗೆ ಓದೋದು ಅಗತ್ಯ ಅಂದಿದ್ದರು. ಅವರ ವಾದ್ಯವೂ ಆ ಓದಿನ ಭಾಗ ಅಂತ ನಾನು ತಿಳೀತೀನಿ. ಒಂದು ವ್ಯತ್ಯಾಸ ಮರೆಯಬಾರದು. ಈಸನ್ ಅಣ್ಣತಮ್ಮಂದಿರು ಸ್ಟೀಲ್ ಅನ್ನು ತಾವೇ ಆರಿಸಿಕೊಂಡರು. ನಮ್ಮ ಹಿರಿಯರ ಕೊರಳಿಗೆ ತಮಟೆಯನ್ನ ಬಿಟ್ಟಿ ಚಾಕರಿಯಾಗಿ ಕಟ್ಟಿದರು. ಊರ ಹೆಣಕ್ಕೂ ಊರ ಜಾತ್ರೆಗೂ ಬಡೀಬೇಕು, ಗುಡಿಯೊಳಗೆ ಕಾಲಿಡಬಾರದು. ಅದಕ್ಕೇ ಎಷ್ಟೋ ಕೇರಿಗಳಲ್ಲಿ ಬಡಿಯೋದೇ ಇಲ್ಲ ಅಂತ ನಿಂತರು, ಅದು ಸ್ವಾಭಿಮಾನ. ಆಮೇಲೆ ಅದೇ ತಮಟೆ ನಮ್ಮ ಜಾಥಾಗಳ ಮುಂದೆ ಬಂತು, ಅದೂ ಸ್ವಾಭಿಮಾನ. ಅದೇ ಚರ್ಮ, ಬೆಂಕಿಗೆ ಕಾಯಿಸಿ ಬಿಗಿ ಮಾಡೋದೂ ಹಾಗೇ. ಯಾರ ಅಪ್ಪಣೆಗೆ ಅನ್ನೋದು ಬದಲಾಯ್ತು.

ಕೊನೆಗೆ ಇನ್ನೊಂದು ಮಾತು. 12 ತಂತಿಯ, ಒಂದೇ ನೆಕ್ಕಿನ ಒಂದು ಪೆಡಲ್ ಸ್ಟೀಲ್ ಇದೆ. ಅದರಲ್ಲಿ ಎರಡೂ ಶ್ರುತಿಯ ಗುಣ ಸಿಗುತ್ತೆ. ಮೊಣಕಾಲ ಲಿವರ್‌ನಿಂದ ಸ ತಂತಿಗಳನ್ನ ಅರ್ಧ ಸ್ವರ ಇಳಿಸಿದರೆ ಸಾಕು, ಅಲ್ಲಿವರೆಗೆ ಪ ಆಗಿದ್ದದ್ದು ಹೊಸ ಸ ಆಗುತ್ತೆ. ಮಿಕ್ಕ ಸ್ವರಗಳೆಲ್ಲ ಅದರ ಲೆಕ್ಕಕ್ಕೆ ಬರ್ತವೆ.

ತಮ್ಮಾ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಅದು ಬಿಳಿಯರ ವಾದ್ಯ ಅಲ್ಲ. ನಮ್ಮಂಥೋರು ಕಟ್ಟಿದ್ದು, ಹೆಸರು ಬೇರೆಯವರದ್ದಾಯ್ತು. ಆ ವಿಡಿಯೊ ಇನ್ನೊಮ್ಮೆ ನೋಡು.

ಜೈ ಭೀಮ್.